ಹುಷಾರಾದ ಮೇಲೆ ವೈದ್ಯರ ಹತ್ತಿರ ಹೋಗುವುದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ಬಂದು ನಿಲ್ಲುತ್ತವೆ. ಹೊರಗೆ ಎಲ್ಲ ಸರಿ ಇದೆ, ಒಳಗೆ ಏನೋ ಸರಿಯಿಲ್ಲ, ಏನು ಮಾಡೋದು ಅಂತ. ಬರೆದವರೆಲ್ಲ ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ನಾನು ಗುರುಗಳಲ್ಲ, ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವವನು. ಹಾಗಾಗಿ ಫಾದರ್ ಹತ್ತಿರ ಕೂತು ಮಾತಾಡಬೇಕಾದ ವಿಷಯವನ್ನು ಈ ಪುಟದಲ್ಲೇ ಮುಗಿಸಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ನಾನು ಭಾನುವಾರದ ಪೂಜೆ ತಪ್ಪಿಸಿದವಳಲ್ಲ. ಮನೆ ಪಾಲಾದಾಗ ಒಳ್ಳೆಯ ತೋಟ ಓರಗಿತ್ತಿಯ ಕಡೆಗೆ ಹೋಯಿತು. ಆಮೇಲಿಂದ ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂತ ಸಿಹಿ ಕೊಡಲು ಬಂದಳು. ನಗುತ್ತಲೇ ಕಾಫಿ ಕೊಟ್ಟೆ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಈ ಮಳೆಗಾಲ ಅವರ ಅಡಿಕೆ ತೋಟಕ್ಕೆ ಕೊಳೆರೋಗ ಬಿತ್ತು ಅಂತ ಕೇಳಿದಾಗ ಒಳಗೊಳಗೇ ಖುಷಿಯಾಯಿತು. ಆ ಖುಷಿ ಕಂಡು ನನಗೇ ಹೆದರಿಕೆಯಾಯಿತು. ಫಾದರ್ ಎದುರು ಪಾಪ ಹೇಳಿಕೊಳ್ಳುವ ಪಾಪನಿವೇದನೆಯಲ್ಲಿ ಪ್ರತಿ ಸಲ ಇದನ್ನೇ ಹೇಳುತ್ತಿದ್ದೆ, ಮತ್ತೆ ಅದೇ ಆಗುತ್ತಿತ್ತು. ನಾಚಿಕೆಯಾಗಿ ಹೋಗುವುದನ್ನೇ ಬಿಟ್ಟೆ. ಪೂಜೆಯಲ್ಲಿ ಕೊಡುವ ರೊಟ್ಟಿಯನ್ನೂ, ಅಂದರೆ ಪರಮಪ್ರಸಾದವನ್ನೂ, ತೆಗೆದುಕೊಳ್ಳುತ್ತಿಲ್ಲ. ಮನಸ್ಸು ಸರಿಯಾದ ಮೇಲೆ ಹೋಗೋಣ ಅಂತಿದ್ದೇನೆ. ಸರಿ ತಾನೇ?

ಉತ್ತರ: ಇಲ್ಲ ಅಕ್ಕ, ಸರಿಯಲ್ಲ. ಜ್ವರ ಬಂದವರು ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋಗ್ತೀನಿ ಅಂದರೆ ನೀವೇ ಬೈಯುತ್ತೀರಿ.

ಈ ಮಾತನ್ನು ಯೇಸುಸ್ವಾಮಿ ಒಂದು ಊಟದ ಪಂಕ್ತಿಯಲ್ಲಿ ಕೂತು ಹೇಳಿದ್ದು. ಲೇವಿ ಅನ್ನುವ ಸುಂಕದವನ ಮನೆ ಅದು. ರೋಮನ್ನರ ಕಾಲದಲ್ಲಿ ಸುಂಕ ವಸೂಲಿ ಮಾಡುವವರು ಅಂದರೆ ಊರಿನವರಿಗೆ ಆಗುತ್ತಿರಲಿಲ್ಲ, ಲೆಕ್ಕಕ್ಕಿಂತ ಜಾಸ್ತಿ ಕಿತ್ತುಕೊಳ್ಳುತ್ತಾರೆ ಅಂತ ಒಂದು ಸಿಟ್ಟು, ಪರರ ಆಳ್ವಿಕೆಗೆ ಕೈಜೋಡಿಸಿದ್ದಾರೆ ಅಂತ ಇನ್ನೊಂದು. ಇಂಥವನ ಮನೆಯಲ್ಲಿ ಊಟಕ್ಕೆ ಕೂತಿದ್ದಾನಲ್ಲ ಇವನು ಅಂತ ಧರ್ಮಶಾಸ್ತ್ರಿಗಳು ಆಡಿಕೊಂಡರು. ಅದಕ್ಕೆ ಯೇಸು ಹೇಳಿದ್ದು: ಆರೋಗ್ಯ ಇರುವವರಿಗೆ ವೈದ್ಯ ಬೇಕಿಲ್ಲ, ರೋಗಿಗಳಿಗೆ ಬೇಕು, ನಾನು ಬಂದಿದ್ದು ಪಾಪಿಗಳನ್ನು ಕರೆಯುವುದಕ್ಕೆ. ಮಾರ್ಕನ ಶುಭಸಂದೇಶದ 2ನೇ ಅಧ್ಯಾಯ ತೆಗೆದು ಓದಿ. ಒಂದು ಸಂಗತಿ ಗಮನಿಸಿ. ಯೇಸು ಅವನನ್ನು ಕರೆದಾಗ ಅವನು ಕೆಲಸ ಬಿಟ್ಟು ಪಶ್ಚಾತ್ತಾಪದಲ್ಲಿ ಕೂತಿರಲಿಲ್ಲ. ಸುಂಕದ ಕಟ್ಟೆಯಲ್ಲೇ ಇದ್ದ. ಕರೆ ಮೊದಲು ಬಂತು, ಅವನು ಎದ್ದಿದ್ದು ಆಮೇಲೆ.

ಜಕ್ಕಾಯನ ಕಥೆಯೂ ಹಾಗೇ ಇದೆ. ಲೂಕ 19. ಯೇಸು ಅವನ ಮನೆಗೆ ಬಂದ ಮೇಲೆ ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ವಾಪಸ್ಸು ಅನ್ನುತ್ತಾನೆ. ಮೊದಲು ಲೆಕ್ಕ ಚುಕ್ತಾ ಮಾಡು, ಆಮೇಲೆ ಬರ್ತೀನಿ ಅಂತ ಯೇಸು ಅನ್ನಲಿಲ್ಲ.

ಇನ್ನು ಯೋಗ್ಯತೆಯ ವಿಷಯ. ಪರಮಪ್ರಸಾದಕ್ಕೆ ಸ್ವಲ್ಪ ಮುಂಚೆ ನಾವೆಲ್ಲ ಒಟ್ಟಿಗೆ ಏನು ಹೇಳುತ್ತೇವೆ, ನೆನಪು ಮಾಡಿಕೊಳ್ಳಿ. ಸ್ವಾಮಿ, ನೀವು ನನ್ನಲ್ಲಿಗೆ ಬರುವುದಕ್ಕೆ ನಾನು ಯೋಗ್ಯಳಲ್ಲ, ಒಂದು ಮಾತು ಹೇಳಿದರೆ ಸಾಕು, ನನ್ನ ಆತ್ಮ ಗುಣವಾಗುತ್ತದೆ ಅಂತ ಅಲ್ವಾ? ತನ್ನ ಆಳಿಗೆ ಪಾರ್ಶ್ವವಾಯು ಬಡಿದಿದೆ ಅಂತ ಯೇಸುವಿನ ಹತ್ತಿರ ಬಂದ ರೋಮನ್ ಶತಾಧಿಪತಿಯ (ನೂರು ಸೈನಿಕರ ನಾಯಕನ) ಮಾತು ಇದು, ಮತ್ತಾಯ 8ರಲ್ಲಿದೆ. ಪೂಜೆಯಲ್ಲಿ ಅದನ್ನು ಫಾದರೂ ಹೇಳುತ್ತಾರೆ, ಮುಂದಿನ ಬೆಂಚಿನಲ್ಲಿ ಕೂತ ಹಿರಿಯರೂ ಹೇಳುತ್ತಾರೆ. ಅಂದರೆ ಇಡೀ ಚರ್ಚು ನಾವು ಯೋಗ್ಯರಲ್ಲ ಅಂತ ಒಪ್ಪಿಕೊಂಡು, ಆಮೇಲೆ ಎದ್ದು ಸಾಲಿನಲ್ಲಿ ಹೋಗುತ್ತದೆ. ನೀವು ಮೊದಲನೆಯದನ್ನು ಮಾತ್ರ ಹೇಳಿ ಕೂತುಬಿಡುತ್ತಿದ್ದೀರಿ. ಅಂತಿಯೋಕ್ಯದ ಸಂತ ಇಗ್ನಾಸಿಯವರು 2ನೇ ಶತಮಾನದ ಆರಂಭದಲ್ಲೇ ಈ ರೊಟ್ಟಿಯನ್ನು ಸಾವಿಲ್ಲದಂತೆ ಮಾಡುವ ಔಷಧಿ ಅಂತ ಕರೆದಿದ್ದರು. ಪೋಪ್ ಫ್ರಾನ್ಸಿಸ್ 2013ರಲ್ಲಿ ಬರೆದದ್ದೂ ಇದೇ ಅರ್ಥದ್ದು: ಇದು ಪರಿಪೂರ್ಣರಿಗೆ ಕೊಡುವ ಬಹುಮಾನ ಅಲ್ಲ, ಬಲಹೀನರಿಗೆ ಔಷಧಿ ಮತ್ತು ಆಹಾರ.

ಹಾಗಂತ ಏನೂ ನೋಡದೆ ಹೋಗಿ ಅಂತಲೂ ನಾನು ಹೇಳುತ್ತಿಲ್ಲ. ಘೋರ ಪಾಪ ಮಾಡಿದ ಅರಿವಿದ್ದರೆ ಮೊದಲು ಪಾಪನಿವೇದನೆ, ಆಮೇಲೆ ಪರಮಪ್ರಸಾದ. ಅದು ಧರ್ಮಸಭೆಯ ನಿಯಮ. ನಿಮ್ಮ ವಿಷಯದಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ಕೊಳೆ ಬಿತ್ತು ಅಂತ ಕೇಳಿದ ಕ್ಷಣ ಒಳಗೆ ಎದ್ದ ಖುಷಿಯನ್ನು ನೀವು ಕರೆದಿದ್ದಲ್ಲ, ತಾನಾಗಿ ಬಂದದ್ದು. ಅದು ರೋಗದ ಲಕ್ಷಣ. ಅದನ್ನು ಕೂರಿಸಿಕೊಂಡು, ಹೌದು ಅವಳು ಹಾಳಾಗಲಿ ಅಂತ ಬೇಕಂತಲೇ ಬಯಸುವುದು ಬೇರೆ, ಅದಕ್ಕೆ ನಮ್ಮ ಒಪ್ಪಿಗೆ ಸೇರಿರುತ್ತದೆ. ನಿಮಗಾಗಿದ್ದು ಯಾವುದು ಅಂತ ನಾನು ದೂರದಿಂದ ಹೇಳಲಾರೆ. ಫಾದರ್ ಎದುರು ಎರಡನ್ನೂ ಹೇಳಿ.

ಆದರೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಆ ಖುಷಿ ಕಂಡು ನಿಮಗೆ ಹೆದರಿಕೆಯಾಯಿತು ಅಂದಿರಲ್ಲ, ಆ ಹೆದರಿಕೆ ನಿಮ್ಮದಷ್ಟೇ ಅಲ್ಲ. ಕ್ರಿ.ಶ. 529ರಲ್ಲಿ ಈಗಿನ ಫ್ರಾನ್ಸ್ ದೇಶದ ಆರೆಂಜ್ ಊರಿನಲ್ಲಿ ಬಿಷಪರು ಸೇರಿ ಒಂದು ತೀರ್ಮಾನ ಮಾಡಿದರು. ನಾವು ಶುದ್ಧರಾಗಬೇಕು ಅಂತ ನಮಗೆ ಆಸೆ ಹುಟ್ಟಲಿ ಅಂತ ದೇವರು ಕಾದು ಕೂರುವುದಿಲ್ಲ, ಆ ಆಸೆ ಹುಟ್ಟಿಸುವವರೂ ಪವಿತ್ರಾತ್ಮರೇ ಅಂತ. ಹಾಗಾಗಿ ನೀವು ನನಗೆ ಬರೆದ ಪತ್ರವೇ ಕೃಪೆ ಕೆಲಸ ಶುರು ಮಾಡಿದೆ ಅನ್ನುವುದಕ್ಕೆ ಗುರುತು. ಮನಸ್ಸು ಸರಿಯಾದ ಮೇಲೆ ಹೋಗೋಣ ಅಂತ ಕಾಯುತ್ತಿದ್ದೀರಿ, ಸರಿ ಮಾಡುವವರು ಆಗಲೇ ಬಂದು ಬಾಗಿಲಲ್ಲಿದ್ದಾರೆ.

ಪ್ರತಿ ಸಲ ಅದೇ ಪಾಪ ಹೇಳುವ ನಾಚಿಕೆಗೂ ಎರಡು ಮಾತು. ಸಂತ ಪೌಲರು ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ, ನಾನು ಮಾಡಬೇಕು ಅನ್ನುವ ಒಳ್ಳೆಯದನ್ನು ಮಾಡುವುದಿಲ್ಲ, ಬೇಡ ಅನ್ನುವ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ಬರೆಯುತ್ತಾರೆ. ಮುಂದೆ ಬಿಷಪರಾದ ಸಂತ ಅಗಸ್ಟೀನರು ಇದನ್ನೇ ಇನ್ನೂ ಹತ್ತಿರದಿಂದ ನೋಡಿದರು. ಕೈ ಎತ್ತು ಅಂತ ಮನಸ್ಸು ಹೇಳಿದರೆ ಕೈ ತಕ್ಷಣ ಏಳುತ್ತದೆ, ಆದರೆ ಬದಲಾಗು ಅಂತ ಮನಸ್ಸು ತನಗೆ ತಾನೇ ಹೇಳಿಕೊಂಡರೆ ಅದೇ ಮನಸ್ಸು ಕೇಳುವುದಿಲ್ಲ. ಯಾಕೆ? ಪೂರ್ತಿ ಬಯಸುವುದಿಲ್ಲ, ಅರ್ಧ ಬಯಸುತ್ತದೆ, ಇನ್ನರ್ಧ ಎಳೆಯುತ್ತದೆ. ಅದನ್ನು ಅವರು ಮನಸ್ಸಿನ ಕಾಯಿಲೆ ಅಂತಲೇ ಕರೆದರು. ಮಿಲಾನಿನ ತೋಟದಲ್ಲಿ ಅಳುತ್ತಾ ಕೂತಿದ್ದ ಅವರಿಗೆ 386ರಲ್ಲಿ ಬಿಡುಗಡೆ ಸಿಕ್ಕಿದ್ದು ಇನ್ನೂ ಸ್ವಲ್ಪ ಗಟ್ಟಿ ಮನಸ್ಸು ಮಾಡಿದ್ದರಿಂದಲ್ಲ. ಗಟ್ಟಿ ಮನಸ್ಸು ಮಾಡಿ ಮಾಡಿ ಸೋತಿದ್ದರು.

ಈಗ ಮಾಡಬೇಕಾದ್ದು. ಈ ಶನಿವಾರವೇ ಪಾಪನಿವೇದನೆಗೆ ಹೋಗಿ. ದಿನಾ ಓರಗಿತ್ತಿಯ ಹೆಸರು ಹೇಳಿ ಒಂದು ಪರಲೋಕ ಮಂತ್ರ (ಪರಲೋಕದಲ್ಲಿರುವ ನಮ್ಮ ತಂದೆಯೇ ಅನ್ನುವ ಪ್ರಾರ್ಥನೆ) ಜಪಿಸಿ. ಮನಸ್ಸಿನಲ್ಲಿ ಪ್ರೀತಿ ಬರದೇ ಇದ್ದರೂ ಜಪಿಸಿ. ಮಳೆ ಬಿಡುವು ಕೊಟ್ಟಾಗ ಔಷಧಿ ಹೊಡೆಯುವ ಆಳು ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ನಿಮ್ಮ ತೋಟಕ್ಕೆ ಬಂದವರನ್ನು ಒಂದು ದಿನ ಅವರ ತೋಟಕ್ಕೂ ಕಳಿಸಿ. ಪಾಲಿನಲ್ಲಿ ನಿಜವಾಗಿ ಅನ್ಯಾಯ ಆಗಿದ್ದರೆ ಹಿರಿಯರನ್ನು ಕೂರಿಸಿ ಕೇಳುವ ಹಕ್ಕು ನಿಮಗಿದೆ, ಕ್ಷಮಿಸುವುದು ಅಂದರೆ ಬಾಯಿ ಮುಚ್ಚಿಕೊಳ್ಳುವುದು ಅಂತಲ್ಲ.

ಪ್ರಶ್ನೆ: ನಾನು ಹಿಂದೂ. ಕೊಪ್ಪದ ಹತ್ತಿರ ಅಡಿಕೆ ತೋಟ. ನನ್ನ ಸ್ನೇಹಿತ ಕ್ರೈಸ್ತ, ಒಳ್ಳೆಯ ಮನುಷ್ಯ. ಅವನ ಜೊತೆ ಒಂದು ವಿಷಯಕ್ಕೆ ಯಾವಾಗಲೂ ಜಗಳ. ಮನುಷ್ಯ ಹುಟ್ಟುತ್ತಲೇ ಪಾಪಿ ಅನ್ನುತ್ತಾನೆ. ತೊಟ್ಟಿಲಿನ ಮಗು ಏನು ತಪ್ಪು ಮಾಡಿರುತ್ತದೆ? ಇದು ಅನ್ಯಾಯ ಅಲ್ವಾ?

ಉತ್ತರ: ಮಗು ಏನೂ ತಪ್ಪು ಮಾಡಿರುವುದಿಲ್ಲ. ನಿಮ್ಮ ಮಾತು ಸರಿ, ಧರ್ಮಸಭೆಯೂ ಅದನ್ನೇ ಹೇಳುತ್ತದೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಇದು ಸ್ಪಷ್ಟವಾಗಿದೆ: ಜನ್ಮಪಾಪ ಅನ್ನುವುದು ಆ ಮಗು ಮಾಡಿದ ತಪ್ಪಲ್ಲ, ಅದು ಒಂದು ಸ್ಥಿತಿ. ಮನುಷ್ಯನ ಸ್ವಭಾವ ಪೂರ್ತಿ ಕೆಟ್ಟುಹೋಗಿಲ್ಲ, ಗಾಯಗೊಂಡಿದೆ, ಕೆಟ್ಟದ್ದರ ಕಡೆ ವಾಲುತ್ತದೆ.

ನೀವು ತೋಟದವರು, ಹಾಗಾಗಿ ಹೀಗೆ ಹೇಳುತ್ತೇನೆ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ಎಷ್ಟು ತೋಟ ತಿಂದಿದೆ ಅಂತ ನಿಮಗೆ ಹೇಳಬೇಕಿಲ್ಲ. ಆ ಮರ ತಪ್ಪು ಮಾಡಿ ರೋಗ ತಂದುಕೊಂಡಿದ್ದಲ್ಲ. ಆದರೂ ರೋಗ ಇದೆ, ಇಲ್ಲ ಅಂದರೆ ಹೋಗುವುದಿಲ್ಲ. ಕೊಳೆರೋಗಕ್ಕಾದರೆ ಬೋರ್ಡೋ ದ್ರಾವಣ ಹೊಡೆದು ತಡೆಯಬಹುದು, ಇದಕ್ಕೆ ಅದು ನಾಟುವುದಿಲ್ಲ. ರೋಗ ಇರುವುದು ಗರಿಯ ಮೇಲಲ್ಲ, ಒಳಗೆ ರಸ ಹರಿಯುವ ನಾಳದಲ್ಲಿ. ಹೊರಗಿನ ನಡತೆ ಎಷ್ಟೇ ತಿದ್ದಿಕೊಂಡರೂ ಒಳಗಿನ ನಾನು, ನನ್ನದು ಅನ್ನುವುದು ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ಕ್ರೈಸ್ತರು ಕೊಡುವ ಉತ್ತರ ಇದು. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಯಾಕಂದರೆ ಹಳದಿ ಎಲೆಗೆ ಇನ್ನೂ ಔಷಧಿ ಇಲ್ಲ. ಮನುಷ್ಯನಿಗೆ ಇದೆ ಅಂತ ನಾವು ನಂಬುತ್ತೇವೆ.

ಬೈಬಲ್ ಶುರುವಾಗುವುದು ಪಾಪದಿಂದಲ್ಲ. ದೇವರು ತಾನು ಮಾಡಿದ್ದನ್ನೆಲ್ಲ ನೋಡಿದರು, ಅದು ಬಹಳ ಚೆನ್ನಾಗಿತ್ತು ಅಂತ ಮೊದಲನೇ ಅಧ್ಯಾಯದಲ್ಲೇ ಬರುತ್ತದೆ. ಚೆನ್ನಾಗಿದ್ದದ್ದು ಕಾಯಿಲೆ ಬಿದ್ದಿದೆ ಅನ್ನುವುದಕ್ಕೂ ನೀನು ಹುಟ್ಟಾ ಕೆಟ್ಟವನು ಅನ್ನುವುದಕ್ಕೂ ಅಜಗಜಾಂತರ. ನಿಮ್ಮ ಸ್ನೇಹಿತ ಎರಡನೆಯದನ್ನು ಹೇಳುತ್ತಿದ್ದರೆ ಅವರಿಗೆ ಈ ಪುಟ ತೋರಿಸಿ. ಅಗಸ್ಟೀನರು ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಪಕ್ಕದ ತೋಟದ ಪೇರ್ ಹಣ್ಣು ಕದ್ದಿದ್ದರು. ಹಸಿವಿರಲಿಲ್ಲ, ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿತ್ತು. ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಎಷ್ಟೋ ವರ್ಷದ ಮೇಲೆ ಬಿಷಪರಾಗಿ ಕೂತು ಅದನ್ನು ಬರೆಯುವಾಗ ಅವರನ್ನು ಕಾಡಿದ್ದು ಹಣ್ಣಿನ ಬೆಲೆ ಅಲ್ಲ. ಯಾವ ಲಾಭವೂ ಇಲ್ಲದೆ, ತಪ್ಪು ಅನ್ನುವ ಕಾರಣಕ್ಕೇ ಅದು ರುಚಿಸಿತಲ್ಲ, ಅದು. ಈ ಪ್ರಶ್ನೆ ಯಾವ ಧರ್ಮದವರಿಗೂ ಹೊಸದಲ್ಲ ಅಂದುಕೊಂಡಿದ್ದೇನೆ. ಅಲ್ಲಮ, ಅಕ್ಕ ಹುಟ್ಟಿದ್ದು ನಿಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲೇ. ಕೃಪೆ ಬೇಕು ಅನ್ನುವುದನ್ನು ನಿಮಗೆ ಬೇರೆಯವರು ಬಂದು ಕಲಿಸಬೇಕಿಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಅಮ್ಮನಿಗೆ ಖಿನ್ನತೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಪ್ರಾರ್ಥನೆಗೆ ಬರುವ ಒಬ್ಬರು, ಇದು ಆತ್ಮದ ಕಾಯಿಲೆ, ಮನೆಯಲ್ಲಿ ಯಾರೋ ಮಾಡಿದ ಪಾಪದ ಫಲ, ಮಾತ್ರೆ ನಿಲ್ಲಿಸಿ ವಿಶ್ವಾಸ ಇಡಿ ಅಂದರು. ಅಮ್ಮ ಈಗ ಎರಡೂ ಕಡೆ ಹೆದರಿದ್ದಾರೆ. ಏನು ಹೇಳಲಿ?

ಉತ್ತರ: ತಮ್ಮಾ, ಮಾತ್ರೆ ನಿಲ್ಲಿಸಬೇಡಿ. ಇವತ್ತೇ ಅಮ್ಮನಿಗೆ ಹೇಳು. ಈ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಇದೆ, ಕಡಿಮೆ ಮಾಡುವುದಿದ್ದರೂ ಬರೆದುಕೊಟ್ಟ ಡಾಕ್ಟರೇ ಹಂತಹಂತವಾಗಿ ಮಾಡಬೇಕು.

ಮಾತ್ರೆ ನಿಲ್ಲಿಸಿ ಅಂದವರು ಬೈಬಲನ್ನೂ ತಪ್ಪಾಗಿ ಓದಿದ್ದಾರೆ. ಯೊವಾನ್ನ 9ರಲ್ಲಿ ಹುಟ್ಟುಕುರುಡ ಒಬ್ಬನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನಾ, ಇವನ ತಂದೆತಾಯಿಯಾ ಅಂತ ಕೇಳುತ್ತಾರೆ. ಯೇಸು ನೇರವಾಗಿ ಹೇಳುತ್ತಾರೆ, ಇವನೂ ಅಲ್ಲ, ತಂದೆತಾಯಿಯೂ ಅಲ್ಲ. ನಿಮ್ಮ ಮನೆಯವರ ಮೇಲೆ ಹೊರಿಸಿದ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನೂ ಅಮ್ಮನಿಗೆ ಓದಿ ಹೇಳು. ವೈದ್ಯನನ್ನು ಗೌರವಿಸು, ಅವನನ್ನು ಸೃಷ್ಟಿಸಿದ್ದೂ ದೇವರೇ, ಔಷಧಿಗಳನ್ನು ಭೂಮಿಯಿಂದ ಕೊಟ್ಟಿದ್ದೂ ದೇವರೇ, ಬುದ್ಧಿ ಇರುವವನು ಅದನ್ನು ತಿರಸ್ಕರಿಸುವುದಿಲ್ಲ ಅಂತ ಅಲ್ಲಿದೆ. ಪ್ರಾರ್ಥಿಸು ಅಂತಲೂ ಅಲ್ಲೇ ಇದೆ, ವೈದ್ಯನಿಗೆ ಜಾಗ ಕೊಡು ಅಂತಲೂ ಅಲ್ಲೇ ಇದೆ. ಪೌಲರ ಜೊತೆಗಿದ್ದ ಲೂಕರು ವೈದ್ಯರು. ಅದೇ ಪೌಲರು ತಮ್ಮ ಶರೀರದಲ್ಲಿ ನೆಟ್ಟ ಮುಳ್ಳನ್ನು ತೆಗೆಯಿರಿ ಅಂತ ಮೂರು ಸಲ ಬೇಡಿಕೊಂಡರು. ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ವಿಶ್ವಾಸ ಕಮ್ಮಿ ಇದ್ದದ್ದಕ್ಕೆ ಕಾಯಿಲೆ ಹೋಗಲಿಲ್ಲ ಅಂತ ಪೌಲರಿಗೆ ಯಾರಾದರೂ ಹೇಳಲು ಸಾಧ್ಯವಾ?

ಆತ್ಮದ ಕಾಯಿಲೆ ಅನ್ನುವುದು ಇದೆ, ಈ ಪುಟ ಪೂರ್ತಿ ಅದರ ಬಗ್ಗೆಯೇ. ಆದರೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಾನು ಯಾರಿಗೂ ಬೇಡದವಳು ಅನಿಸುವುದು, ಇವೆಲ್ಲ ಡಾಕ್ಟರು ನೋಡಬೇಕಾದ ಕಾಯಿಲೆಯ ಲಕ್ಷಣಗಳು. ಖಿನ್ನತೆಯಲ್ಲಿರುವವರಿಗೆ ಮೊದಲೇ ಎಲ್ಲದಕ್ಕೂ ತಾನೇ ಕಾರಣ ಅನಿಸುತ್ತಿರುತ್ತದೆ. ಅವರ ಮೇಲೆ ಇನ್ನೊಂದು ಪಾಪದ ಹೊರೆ ಹಾಕುವುದು ಕ್ರೌರ್ಯ. ನನಗೆ ಈ ವಿಷಯದಲ್ಲಿ ನಯವಾಗಿ ಬರೆಯಲು ಆಗುವುದಿಲ್ಲ.

ಅಮ್ಮ ಈಗ ತೋರಿಸುತ್ತಿರುವ ಡಾಕ್ಟರ ಹತ್ತಿರ ಇದನ್ನೆಲ್ಲ ಹೇಳಿ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ರಾತ್ರಿ ಹೊತ್ತು ಭಯವಾದರೆ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತೇನಾದರೂ ಅಮ್ಮನ ಬಾಯಿಂದ ಬಂದರೆ ಒಬ್ಬರನ್ನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜೊತೆಗೆ ಫಾದರ್‌ಗೆ ಹೇಳಿ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗ ಸಂಸ್ಕಾರದ ಬಗ್ಗೆ ಕೇಳಿ. ಅದು ಸಾಯುವವರಿಗೆ ಮಾತ್ರ ಅಂತ ಹಳೆಯ ಹೆದರಿಕೆ ನಮ್ಮ ಕಡೆ ಇದೆ. ಹಾಗಲ್ಲ, ಗಂಭೀರ ಕಾಯಿಲೆಯಲ್ಲಿ ಬಲ ಕೊಡುವ ಸಂಸ್ಕಾರ ಅದು, ಸಂತ ಯಕೋಬರ ಪತ್ರದ 5ನೇ ಅಧ್ಯಾಯದಲ್ಲೇ ಇದೆ. ಮಾತ್ರೆ ನುಂಗಿ ಪೂಜೆಗೆ ಹೋಗಬಹುದು, ಅದರಲ್ಲಿ ವಿಶ್ವಾಸದ ಕೊರತೆ ಏನೂ ಇಲ್ಲ.

ಪ್ರಶ್ನೆ: ನಿವೃತ್ತ ಶಿಕ್ಷಕ, ಸಾಗರ. ಮಳೆಗಾಲ ಶುರುವಾದರೆ ಮನೆಯಲ್ಲೇ ಇರುತ್ತೇನೆ. ಪ್ರಾರ್ಥನೆಗೆ ಕೂತರೆ ಐದು ನಿಮಿಷಕ್ಕೆ ಸಾಕಾಗುತ್ತದೆ. ಬೈಬಲ್ ತೆಗೆದರೆ ಕೈ ಮೊಬೈಲಿಗೆ ಹೋಗುತ್ತದೆ. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಇದೇನು ಸೋಮಾರಿತನವಾ?

ಉತ್ತರ: ಮೇಷ್ಟ್ರೇ, ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದಾಯಿತು. ಇದಕ್ಕೆ ಹಳೆಯ ಹೆಸರಿದೆ, ಅಸೀಡಿಯಾ. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಒಂಟಿಯಾಗಿದ್ದ ಸನ್ಯಾಸಿಗಳನ್ನು ಇದು ಕಾಡುತ್ತಿತ್ತು. ಎವಾಗ್ರಿಯಸ್ ಅನ್ನುವವರು ಬರೆದಿಟ್ಟಿದ್ದಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಶುರುವಾಗುತ್ತದೆ. ಸೂರ್ಯ ನಿಂತುಬಿಟ್ಟಿದ್ದಾನೆ ಅನಿಸುತ್ತದೆ, ದಿನಕ್ಕೆ ಐವತ್ತು ಗಂಟೆ ಇದ್ದ ಹಾಗೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ಕಡೆ ನೋಡುತ್ತಾನೆ. ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಅಂತ ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬರುತ್ತಾರಾ ಅಂತ ಆ ಕಡೆ ಈ ಕಡೆ ನೋಡುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಇಲ್ಲಿ ಯಾರಿಗೂ ಪ್ರೀತಿ ಇಲ್ಲ, ಬೇರೆ ಕಡೆ ಹೋದರೆ ದೇವರು ಸಿಗುತ್ತಾನೆ ಅನ್ನುವ ಯೋಚನೆ. ಮೊಬೈಲ್ ಇರಲಿಲ್ಲ ಅಷ್ಟೇ.

ಇದನ್ನು ಸೋಮಾರಿತನ ಅಂತ ಬೈದುಕೊಂಡರೆ ಪ್ರಯೋಜನವಿಲ್ಲ. ಒಳ್ಳೆಯದರ ರುಚಿಯೇ ಹೋಗಿಬಿಟ್ಟಿರುತ್ತದೆ, ನಾಲಿಗೆಗೆ ಸಪ್ಪೆ. ರುಚಿ ನಾವು ಹುಟ್ಟಿಸಿಕೊಳ್ಳಲು ಆಗುವುದಿಲ್ಲ, ಅದು ಕೊಟ್ಟಾಗ ಬರುತ್ತದೆ. ನಮ್ಮ ಕೈಯಲ್ಲಿರುವುದು ಜಾಗ ಬಿಡದೆ ಕೂರುವುದು. ಎವಾಗ್ರಿಯಸರ ಸಲಹೆಯೂ ಅದೇ, ಓಡಬೇಡ, ಸಣ್ಣ ವಾಕ್ಯ ಹಿಡಿದು ಪ್ರಾರ್ಥಿಸು, ಅಳು ಬಂದರೆ ಅಳು. ಅವರ ಶಿಷ್ಯ ಪರಂಪರೆಯ ಕ್ಯಾಸಿಯನ್ ಇನ್ನೊಂದನ್ನು ಸೇರಿಸಿದರು, ಕೈಗೆ ಕೆಲಸ. ಪೌಲ್ ಅನ್ನುವ ಸನ್ಯಾಸಿಯ ಬಗ್ಗೆ ಬರೆಯುತ್ತಾರೆ. ಆತ ದೂರದ ಮರಳುಗಾಡಿನಲ್ಲಿ ಖರ್ಜೂರದ ಗರಿ ತಂದು ದಿನಾ ತಪ್ಪದೆ ಇಷ್ಟು ಅಂತ ಕೆಲಸ ಮಾಡುತ್ತಿದ್ದ. ಊರು ದೂರ, ಮಾರಲು ಸಾಗಿಸಿದರೆ ಖರ್ಚೂ ಹುಟ್ಟುವುದಿಲ್ಲ. ಗುಹೆ ತುಂಬಿದಾಗ ವರ್ಷದ ಕೆಲಸವನ್ನೆಲ್ಲ ಸುಟ್ಟು, ಮತ್ತೆ ಶುರು ಮಾಡುತ್ತಿದ್ದ. ನಿಮಗೆ ಸುಡುವಂಥದ್ದು ಬೇಡ. ಅಡಿಕೆ ಸುಲಿಯುವ ಕಾಲದಲ್ಲಿ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಒಂದು ಗಂಟೆ ಕೂತು ಬನ್ನಿ. ಪಕ್ಕದ ಮಕ್ಕಳಿಗೆ ಲೆಕ್ಕ ಹೇಳಿಕೊಡಿ. ಮೊಬೈಲ್ ಬೇರೆ ಕೋಣೆಯಲ್ಲಿಡಿ. ಒಂದು ಕೀರ್ತನೆ, ಒಂದೇ ಒಂದು, ಗಟ್ಟಿಯಾಗಿ ಓದಿ. ರುಚಿ ಇಲ್ಲದೆ ಓದಿದ ಕೀರ್ತನೆಯನ್ನು ದೇವರು ಕಡಿಮೆ ಅಂತ ಎಣಿಸುವುದಿಲ್ಲ, ಸುಮ್ನೆ ಐದು ನಿಮಿಷ ಕೂತದ್ದನ್ನೂ.

ಪ್ರಶ್ನೆ: ಭದ್ರಾವತಿ. ನಾವು ಪ್ರಾಟೆಸ್ಟೆಂಟ್ ಸಭೆಯವರು. ಎಲ್ಲಾ ಕೃಪೆಯಿಂದಲೇ ಆದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು ಅಂತ ನಮ್ಮ ಯುವಕರು ಕೇಳುತ್ತಾರೆ. ಕಥೋಲಿಕರು ಒಳ್ಳೆಯ ಕೆಲಸದಿಂದಲೇ ರಕ್ಷಣೆ ಸಿಗುತ್ತದೆ ಅನ್ನುತ್ತಾರಂತೆ, ಹೌದಾ?

ಉತ್ತರ: ಇಲ್ಲ. ಇದು ಎರಡೂ ಕಡೆ ಉಳಿದುಕೊಂಡಿರುವ ತಪ್ಪು ಕಲ್ಪನೆ.

ನಮ್ಮ ಪ್ರಯತ್ನದಿಂದಲೇ ಪಾಪ ಬಿಡಬಹುದು ಅನ್ನುವ ವಾದ 5ನೇ ಶತಮಾನದಲ್ಲಿ ಪೆಲಾಗಿಯಸ್ ಅನ್ನುವವರಿಂದ ಬಂತು. ಅವರು ಕಟ್ಟುನಿಟ್ಟಿನ ಮನುಷ್ಯ, ಕೃಪೆ ಕೃಪೆ ಅಂತ ಹೇಳಿ ಜನ ಸಡಿಲವಾಗುತ್ತಿದ್ದಾರೆ ಅನ್ನುವ ಚಿಂತೆ ಅವರದು. ಆ ಚಿಂತೆ ಸುಳ್ಳಲ್ಲ. ಆದರೆ ಅಗಸ್ಟೀನರು ಒಪ್ಪಲಿಲ್ಲ. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪರು, ಕೃಪೆ ಹಿಂದಿನ ಪಾಪ ಕ್ಷಮಿಸುವುದಕ್ಕೆ ಮಾತ್ರ ಅಲ್ಲ, ಮುಂದೆ ಪಾಪ ಮಾಡದಂತೆ ಸಹಾಯವೂ ಅದರಿಂದಲೇ ಅಂತ ಸ್ಪಷ್ಟ ಮಾಡಿದರು. ಕಥೋಲಿಕರು ಇವತ್ತಿಗೂ ಅದನ್ನೇ ನಂಬುವುದು. ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರರ ಕಾಲದ ಜಗಳ 1517ರಲ್ಲಿ ಶುರುವಾಗಿ, ಕಥೋಲಿಕರ ಟ್ರೆಂಟ್ ಮಹಾಸಭೆ 1545ರಿಂದ 1563ರವರೆಗೆ ನಡೆದು, ಎರಡೂ ಕಡೆಯಿಂದ ಖಂಡನೆಗಳಾದವು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಸೇರಿ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಆಮೇಲೆ ಪವಿತ್ರಾತ್ಮರು ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತಾರೆ ಅನ್ನುವುದು ಅದರ ಸಾರ. 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು. ಎಲ್ಲ ಭೇದ ಹೋಗಿದೆ ಅಂತಲ್ಲ. ಆದರೆ ನಿಮ್ಮ ಯುವಕರು ಕೇಳಿಸಿಕೊಂಡ ಆಪಾದನೆ ಇನ್ನು ನಡೆಯುವುದಿಲ್ಲ.

ಒಳ್ಳೆಯ ಕೆಲಸ ಯಾಕೆ ಅನ್ನುವುದಕ್ಕೆ ಮಾರ್ಕ 1ರಲ್ಲಿ ಮೂರೇ ವಾಕ್ಯದ ಒಂದು ಘಟನೆ ಇದೆ, ಯುವಕರಿಗೆ ಅದನ್ನು ಓದಿಸಿ. ಪೇತ್ರರ ಅತ್ತೆಗೆ ಜ್ವರ, ಮಲಗಿದ್ದರು. ಯೇಸು ಕೈ ಹಿಡಿದು ಎಬ್ಬಿಸಿದರು. ಜ್ವರ ಬಿಟ್ಟಿತು, ಆಕೆ ಅವರಿಗೆಲ್ಲ ಉಪಚಾರ ಮಾಡಿದರು. ಉಪಚಾರ ಮಾಡಿದ್ದಕ್ಕೆ ಜ್ವರ ಬಿಟ್ಟಿದ್ದಲ್ಲ. ಜ್ವರ ಬಿಟ್ಟ ಮೇಲೂ ಮಲಗೇ ಇದ್ದಿದ್ದರೆ ನಿಜವಾಗಿ ಗುಣವಾಗಿದೆಯಾ ಅಂತ ಮನೆಯವರಿಗೇ ಅನುಮಾನ ಬರುತ್ತಿತ್ತು. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ 8, 9ನೇ ವಾಕ್ಯಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, 10ನೆಯದನ್ನು ಬಿಟ್ಟುಬಿಡುತ್ತಾರೆ. ಮೂರನ್ನೂ ಒಟ್ಟಿಗೆ ಓದಿ.

ಪ್ರಶ್ನೆ: ಪಾಪನಿವೇದನೆಗೆ ಹೋಗಿ ಎಷ್ಟೋ ವರ್ಷವಾಯಿತು. ಹೇಗೆ ಶುರು ಮಾಡಬೇಕು ಅನ್ನುವುದೇ ಮರೆತುಹೋಗಿದೆ. (ಹೊಸನಗರ)

ಉತ್ತರ: ಹಾಗಂತಲೇ ಹೇಳಿ. ಫಾದರ್, ಎಷ್ಟೋ ವರ್ಷವಾಯಿತು, ಮರೆತುಹೋಗಿದೆ, ಸಹಾಯ ಮಾಡಿ. ಅಷ್ಟು ಸಾಕು, ಮುಂದಿನದನ್ನು ಅವರು ಒಂದೊಂದಾಗಿ ಕೇಳಿಕೊಂಡು ಹೋಗುತ್ತಾರೆ. ಪ್ರಾರ್ಥನೆಯ ಮಾತು ಗೊತ್ತಿಲ್ಲದಿದ್ದರೆ ಅವರೇ ಹೇಳಿಕೊಡುತ್ತಾರೆ. ನೀವು ಹೇಳಿದ್ದು ಅಲ್ಲೇ ಉಳಿಯುತ್ತದೆ, ಯಾವ ಕಾರಣಕ್ಕೂ ಅವರು ಹೊರಗೆ ಹೇಳುವಂತಿಲ್ಲ. ಊರಿನ ಫಾದರ್ ಪರಿಚಯದವರು, ಮುಜುಗರ ಅನಿಸಿದರೆ ಶಿವಮೊಗ್ಗಕ್ಕೆ ಬಂದಾಗ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯಕ್ಕೆ ಹೋಗಿ ಅಲ್ಲಿನ ಗುರುಗಳನ್ನು ಕೇಳಿ. ಹೋಗುವ ಮುಂಚೆ ಆಫೀಸಿನಲ್ಲಿ ಸಮಯ ವಿಚಾರಿಸಿಕೊಳ್ಳಿ. ದೊಡ್ಡದನ್ನು ಮೊದಲು ಹೇಳಿಬಿಡಿ, ಉಳಿದದ್ದು ಆಮೇಲೆ ಸುಲಭ.